ಕರಿಯಯ್ಯ ಈಜಿದ್ದು

ಇದನ್ನ ನಂಬಿ ಅಂತ ನಾನು ಹೇಳಲ್ಲ. ನನಗೇ ಇನ್ನೂ ಅರ್ಥವಾಗಿಲ್ಲ.

2003ರಲ್ಲಿ ನಾನೂ ಸಿದ್ಧಾರ್ಥನೂ ಟಿ. ನರಸೀಪುರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆವು. ಬಿಡುವಿನಲ್ಲಿ ಕನ್ನಡದಲ್ಲೇ ಒಂದು ಕಥೆಯಾಟ ಮಾಡಿದೆವು. ಪರದೆಯ ಮೇಲೆ ಕಥೆ ಬರುತ್ತದೆ. ಅದರ ನಾಯಕ ಕರಿಯಯ್ಯ ಮುಂದೇನು ಮಾಡಬೇಕೆಂದು ಆಡುವವರು ಆರಿಸಬೇಕು. ಅವನ ಸ್ವಭಾವ ಬರೆದವನು ನಾನು. ನೀರು ಕಂಡರೆ ಅವನಿಗೆ ಭಯ. ದಿನಾ ಕಪಿಲೆಯಲ್ಲಿ ಈಜುವ ಸಿದ್ಧಾರ್ಥನಿಗೆ ಅದು ಹಿಡಿಸಲಿಲ್ಲ.

"ಆಡೋರು ಹೇಳ್ದಂಗೆ ಅವ್ನು ಕೇಳ್ಬೇಕು ಕಣ್ಲಾ. ಅವನ ಸ್ವಭಾವ ಕಟ್ಕೊಂಡು ನಮಗೇನು?" ಎಂದು ಒಂದು ಮಧ್ಯಾಹ್ನ ಆಡಲು ಕೂತ.

ಕಥೆಯಲ್ಲಿ ಹೊಳೆ ಬಂತು. 'ಈಜಿ ದಾಟು' ಎಂಬುದನ್ನು ಒತ್ತಿದ. 'ಆಗಲ್ಲ' ಅಂದ ಕರಿಯಯ್ಯ. ಅದು ನಾನು ಬರೆದದ್ದೇ. ಸಿದ್ಧಾರ್ಥ ರೇಗಿ ಮತ್ತೆ ಮತ್ತೆ ಒತ್ತಿದ. ಅಂಥ ಸುಡು ಬಿಸಿಲಲ್ಲೂ ಕೀಬೋರ್ಡ್ ತಣ್ಣಗಿತ್ತು. ಕೋಣೆಯೊಳಗೆ ಹೊಳೆಕೆಸರಿನ ವಾಸನೆ ಬರತೊಡಗಿತು.

ಆಗ ಪರದೆಯಲ್ಲಿ ಒಂದು ಸಾಲು ಮೂಡಿತು: 'ಹಂಗಾದ್ರೆ ನೀನು ದಡದಲ್ಲೇ ಇರು.' ಕರಿಯಯ್ಯ ನೀರಿಗೆ ಧುಮುಕಿದ.

"ಇದನ್ನ ಯಾವಾಗ ಬರೆದ್ಯೋ?" ಎಂದೆ.

"ನಾನೆಲ್ಲಿ ಬರೆದೆ? ನೀನಲ್ವಾ?" ಎಂದ.

ಸಂಜೆ ಎಂದಿನಂತೆ ಇಬ್ಬರೂ ಹೊಳೆಗೆ ಹೋದೆವು. ಸಿದ್ಧಾರ್ಥ ಅಂಗಿ ಬಿಚ್ಚಿ ಮೆಟ್ಟಿಲ ಮೇಲೆ ನಿಂತ. ನಿಂತೇ ಇದ್ದ.

"ಬಾರ್ಲಾ" ಎಂದೆ.

"ಆಗಲ್ಲ" ಅಂದ. ಬಿಚ್ಚಿದ ಅಂಗಿಯನ್ನೇ ಮತ್ತೆ ಹಾಕಿಕೊಂಡ.

ಆಟವನ್ನು ಮರುದಿನವೇ ಅಳಿಸಿ ಹಾಕಿದೆ. ಸಿದ್ಧಾರ್ಥನಿಗೆ ಈಗ ಈಜು ಕಲಿತ ಮಕ್ಕಳಿದ್ದಾರೆ. ಇವತ್ತಿಗೂ ಅವನ ಸ್ನಾನದ ಬಕೆಟ್ಟಿಗೆ ಅರ್ಧಕ್ಕಿಂತ ಹೆಚ್ಚು ನೀರು ತುಂಬಿಸುವಂತಿಲ್ಲ.