ಮಣ್ಣು ತಿನ್ನೋ ಕೆಲಸ

ತಟ್ಟೆಯಲ್ಲಿ ಕೆಂಪುಮಣ್ಣಿನ ಹೆಂಟೆ ಒಂದೂ ಉಳಿದಿರಲಿಲ್ಲ. ತಳದಲ್ಲಿ ಒಂದಿಷ್ಟು ಪುಡಿ, ಅಷ್ಟೆ.

ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಮೂರು ಹೊಲದ ಮಣ್ಣು ಒಣಗಲು ಹರವಿದ್ದರು — ಮರಳು, ಕಪ್ಪು, ಕೆಂಪು. ಮೆಕ್ಕೆಜೋಳಕ್ಕೆ ಯಾವುದು ಹೊಂದುತ್ತದೆಂದು ಮಣ್ಣಿನ ಡಾಕ್ಟರು ಮಧ್ಯಾಹ್ನ ಹೇಳಬೇಕು. ಅವರು ಆರಿಸಿದ ಹೊಲಕ್ಕೇ ಈ ಸಲದ ಹೊಸ ಬೀಜ. ಕೆಂಪು ಹೊಲದ ಯಜಮಾನಿ ಆಗಲೇ ಹೊರಗೆ ಬೆಂಚಿನ ಮೇಲೆ ಕಾದು ಕೂತಿದ್ದಳು. ಮಣ್ಣೇ ಇಲ್ಲವೆಂದರೆ ಅವಳ ಹೊಲ ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವಳಿಗೆ ಯಾವ ಮುಖ ತೋರಿಸುವುದು?

"ಯಾರೋ ಮಣ್ಣು ತಿನ್ನೋ ಕೆಲಸ ಮಾಡಿದಾರೆ ಅತ್ತೆ," ಎಂದು ಡಾಕ್ಟರು ಹಲ್ಲು ಕಡಿದರು.

ಅತ್ತೆ ಎಂದರೆ ಅವರ ಸೋದರತ್ತೆ. ಟೆಲಿಫೋನ್ ಕಚೇರಿಯಲ್ಲಿ ಊರಿನ ದನಿಗಳನ್ನೆಲ್ಲ ಗಂಟಲಿಗೆ ತುಂಬಿಕೊಂಡು ನಿವೃತ್ತರಾದವರು. ಎಲ್ಲರ ಬಾಯಲ್ಲೂ ಗಿಳಿಯತ್ತೆ. ಊಟದ ಡಬ್ಬಿ ಕೊಡಲು ಬಂದವರು, ಕಳವು ಎಂದದ್ದೇ ತಡ, ಡಬ್ಬಿ ಪಕ್ಕಕ್ಕಿಟ್ಟು ಕನ್ನಡಕ ಏರಿಸಿದರು.

"ಯಾರ ಮೇಲೆ ಗುಮಾನಿ?"

ಡಾಕ್ಟರಿಗೆ ಇಬ್ಬರ ಮೇಲೆ. ಒಬ್ಬ ಮರಳು ಹೊಲದವನು — ಕೆಂಪು ಮಾಯವಾದರೆ ಅವನಿಗೇ ಲಾಭ. ಇನ್ನೊಬ್ಬ ಕಾವಲುಗಾರ — ಮನೆ ತುಂಬ ಹೂಕುಂಡ, ಕೀಲಿಯೂ ಅವನ ಕೈಲಿ. ಮೂರನೆಯವರು? ಯಾರೂ ಇಲ್ಲ. ಉಳಿದವರು ಡಾಕ್ಟರು, ಮತ್ತು ಇಲ್ಲೇ ಕೆಲಸ ಮಾಡುವ ಅವರ ಹೆಂಡತಿ. ಅವಳು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕಿಟಕಿ ಪಕ್ಕ ನಿಂತಿದ್ದಳು. ಪಾಪ, ಗಾಬರಿ.

ಗಿಳಿಯತ್ತೆ ಮರಳು ಹೊಲದವನನ್ನು ಒಳಗೆ ಕರೆಸಿ ಅವನದೇ ಎಳೆದೆಳೆದ ದನಿಯಲ್ಲಿ ವಿಚಾರಿಸಿದರು. ತಾನು ಒಳಗೆ ಕಾಲೇ ಇಟ್ಟಿಲ್ಲವೆಂದು ಅವನು ಆಣೆ ಇಟ್ಟ, ಇಡುತ್ತಲೇ ತನ್ನ ದನಿಯ ಅಣಕಕ್ಕೆ ನಕ್ಕುಬಿಟ್ಟ. ಕಾವಲುಗಾರನ ಸರದಿಗೆ ಅತ್ತೆಯ ದನಿ ಅವನಂತೆಯೇ ಗೊಗ್ಗರಾಯಿತು.

"ಕುಂಡಕ್ಕೆ ಮಣ್ಣು ಬೇಕಾಗಿತ್ತೇನಯ್ಯಾ?"

"ಬೇಕಿದ್ರೆ ಪುಡಿ ಒಯ್ತಿದ್ದೆ ಅಮ್ಮಾ. ಹೆಂಟೆ ಒಯ್ದು ಕುಟ್ಟೋ ಕರ್ಮ ನನಗ್ಯಾಕೆ?"

ಗಿಳಿಯತ್ತೆ ತಟ್ಟೆಗೆ ಮೂಗು ತಾಗಿಸಿದರು. ಆಮೇಲೆ — "ಲೋ, ನಿನ್ನೆ ಒಂದು ಡಬ್ಬಿ ಹಾಗೇ ವಾಪಸು ಬಂತಲ್ಲ, ಯಾಕೆ?"

"ಅವಳಿಗೆ ಊಟದ ವಾಸನೆ ಆಗಲಿಲ್ವಂತೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸುಳಿವು ನಿನ್ನ ಬಾಯಲ್ಲೇ ಮೊದಲು ಬಂತು. ಬೈಗುಳ ಅಂದ್ಕೊಂಡು ನೀನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಮಣ್ಣು ತಿನ್ನೋ ಕೆಲಸ! ಎದುರಾಳಿ ಆಗಿದ್ರೆ ಪೂರ್ತಿ ತಟ್ಟೆ ಬಳೀತಿದ್ದ. ಕುಂಡದವನು ಪುಡಿ ಒಯ್ತಿದ್ದ. ಇಲ್ಲಿ ಆರಿಸಿ ಆರಿಸಿ ಹೆಂಟೆ ಮಾತ್ರ ಹೋಗಿದೆ — ಕಡಿಯೋಕೆ ಸಿಗೋದು. ಮರಳು ಹಲ್ಲಿಗೆ ಕಿರಿಕಿರಿ, ಕಪ್ಪು ಅಂಟು. ಕೆಂಪಿಗೆ ಮೊದಲ ಮಳೆಯ ವಾಸನೆ. ಊಟ ಸೇರದೆ ಮಣ್ಣು ಸೇರೋದು ಯಾರಿಗೋ, ಮಣ್ಣಿನ ಡಾಕ್ಟ್ರೇ?"

ಗಿಳಿಯತ್ತೆ ಕಿಟಕಿಯ ಕಡೆ ತಿರುಗಿದರು.

"ಕರವಸ್ತ್ರ ತೆಗಿ ತಾಯಿ."

ತೆಗೆದಳು. ನಕ್ಕಳು. ಹಲ್ಲಿನ ಸಂದಿಯೆಲ್ಲ ಕೆಂಪು.

"ನಿನ್ನೆಯಷ್ಟೇ ಖಾತ್ರಿ ಆಯ್ತು ರೀ. ಸಂಜೆ ಹೇಳೋಣ ಅಂತಿದ್ದೆ."

"ಹಾಗಾದ್ರೆ... ಪರೀಕ್ಷೆ?" ಡಾಕ್ಟರ ದನಿ ಅವರಿಗೇ ಗುರುತು ಸಿಗಲಿಲ್ಲ.

"ಮುಗಿಸಿಯೇ ತಿಂದಿದ್ದು. ಹುಳಿ ಇಲ್ಲ, ಉಪ್ಪಿಲ್ಲ. ನೀರು ನಿಲ್ಲಲ್ಲ, ಆದ್ರೂ ತೇವ ಹಿಡಿಯುತ್ತೆ. ಮೂರರಲ್ಲಿ ಮೆಕ್ಕೆಜೋಳಕ್ಕೆ ಇದೇ ಸರಿ. ಉಳಿದದ್ದು... ಬಾಯಿ ಕೇಳಲಿಲ್ಲ."

"ಮೆಕ್ಕೆಜೋಳ ಬರೋಕೆ ಮುಂಚೆ ಇವಳೇ ಮೆಕ್ಕಿಬಿಟ್ಲು," ಎಂದರು ಗಿಳಿಯತ್ತೆ.

ಡಾಕ್ಟರು ಹೊರಗೋಡಿದರು. ಯಜಮಾನಿ ಬೆಂಚಿನಿಂದೆದ್ದಳು.

"ಏನ್ ಸಾರ್, ನನ್ನ ಮಣ್ಣಲ್ಲಿ ಫಲ ಬರುತ್ತಾ?"

"ಬರೋದೇನಮ್ಮಾ, ಬಂದೇಬಿಟ್ಟಿದೆ. ಬೀಜ ನಿಮ್ಮ ಹೊಲಕ್ಕೇ."

ಒಳಗಿನಿಂದ ಎಳೆಗೂಸು ಅತ್ತಂತೆ ಕೇಳಿಸಿತು. ಗಿಳಿಯತ್ತೆ ಹೊಸ ದನಿ ಅಭ್ಯಾಸ ಮಾಡುತ್ತಿದ್ದರು.