ಕೇಳದೆ ಕೊಟ್ಟ ಮಂಜುಗಡ್ಡೆ

ಡ್ವೋರಾ ಮರದ ಸುತ್ತಿಗೆಯಿಂದ ಮಂಜುಗಡ್ಡೆಯನ್ನು ಎರಡು ಸಲ ತಟ್ಟಿದಳು. ಬಗ್ಗಿ ಕಿವಿಯಿಟ್ಟು ಕೇಳಿದಳು. ಆಮೇಲೆ, "ಇದು ಬೇಡ" ಅಂದಳು.

"ಯಾಕೆ ಬೇಡ?" ಆರ್ಸೇನಿ ತುಪ್ಪಳದ ಟೋಪಿಯನ್ನು ಹಿಂದಕ್ಕೆ ತಳ್ಳಿದ. "ಇಡೀ ಸುಂಗಾರಿ ನದಿ ಹುಡುಕಿದರೂ ಇಂಥ ನೀಲಿ ಸಿಗಲ್ಲ."

"ನೀಲಿ ಚೆನ್ನಾಗಿದೆ. ಒಳಗೆ ಸಣ್ಣ ಬಿರುಕಿದೆ. ಎತ್ತುವಾಗ ಕೈ ಕೊಡುತ್ತೆ."

"ನನಗೇನೂ ಕಾಣಿಸ್ತಿಲ್ಲ."

"ಕಾಣಿಸಲ್ಲ, ಕೇಳಿಸುತ್ತೆ. ನಿನ್ನ ಕಿವಿ ಎರಡೂ ಟೋಪಿಯೊಳಗಿವೆ."

ಗರಗಸ ಹಿಡಿದು ನಿಂತಿದ್ದ ಮೇಸ್ತ್ರಿ ಲಾವ್ ವಾಂಗ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಆರ್ಸೇನಿಯ ಮುಖ ಚಳಿಗೆ ಮೊದಲೇ ಕೆಂಪಗಿತ್ತು, ಈಗ ಇನ್ನಷ್ಟು ಕೆಂಪಾಯಿತು.

"ಹಬ್ಬ ನಮ್ಮದು, ಡ್ವೋರಾ. ಶಿಲುಬೆ ನಮ್ಮದು. ನೀನ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯ?"

ಅಂದ ಮೇಲೆ ಅವನಿಗೇ ಅನ್ನಿಸಿತು, ಅನ್ನಬಾರದಿತ್ತು ಎಂದು. ಅವಳು ಸುತ್ತಿಗೆಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡಳು.

"ಹೌದಲ್ವಾ. ನಮ್ಮದು ಬರೀ ಮಂಜುಗಡ್ಡೆ" ಎಂದು ಹೇಳಿ, ನದಿಯ ಬಿಳಿ ಬಯಲಿನ ಮೇಲೆ ತಿರುಗಿ ನೋಡದೆ ನಡೆದುಹೋದಳು.

ರಷ್ಯನ್ನರೂ ಯಹೂದಿಗಳೂ ಬಂದು ನೆಲೆಸಿದ್ದ ಚೀನಾದ ಹಾರ್ಬಿನ್ ಪಟ್ಟಣದಲ್ಲಿ ಅವಳ ಅಪ್ಪ ಜಲ್ಮಾನ್‌ನನ್ನು ತಿಳಿಯದವರಿರಲಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿ ಕೊಯ್ದು, ಹುಲ್ಲು ಮುಚ್ಚಿ ಇಟ್ಟು, ಬೇಸಿಗೆಯಲ್ಲಿ ಮಾರುವ ವ್ಯಾಪಾರ ಅವನದು. ಯೇಸುವಿನ ದೀಕ್ಷಾಸ್ನಾನದ ಹಬ್ಬಕ್ಕೆ ರಷ್ಯನ್ನರು ನದಿಯ ಮೇಲೆ ನಿಲ್ಲಿಸುತ್ತಿದ್ದ ದೊಡ್ಡ ಶಿಲುಬೆಗೆ ಪ್ರತಿ ವರ್ಷ ಅವನ ಅಂಗಳದಿಂದಲೇ ಮಂಜುಗಡ್ಡೆ ಹೋಗುತ್ತಿತ್ತು, ಕಾಸಿಲ್ಲದೆ. ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗಿನಲ್ಲಿ ಯಾರೋ ಒಮ್ಮೆ, "ಶಿಲುಬೆಗೆ ನಮ್ಮ ಗಡ್ಡೆ ಯಾಕಯ್ಯಾ?" ಅಂದಾಗ ಜಲ್ಮಾನ್, "ನಾನು ಕೊಡೋದು ನೀರು. ಅದರಲ್ಲಿ ಏನು ಕೆತ್ತುತ್ತಾರೋ ಅದು ಅವರ ಭಕ್ತಿ. ಆದರೆ ಕೊಟ್ಟರೆ ಒಳ್ಳೇದನ್ನೇ ಕೊಡಬೇಕು" ಅಂದಿದ್ದ. ಒಳ್ಳೆಯದು ಯಾವುದು ಎಂದು ಆರಿಸುವವಳು ಡ್ವೋರಾ.

ಕೆತ್ತುತ್ತಿದ್ದವನು ಆರ್ಸೇನಿಯ ಅಪ್ಪ. ಹೋದ ಶರತ್ಕಾಲದಲ್ಲಿ ಅವನು ತೀರಿಕೊಂಡ. ಈ ವರ್ಷ ಮಗನ ಕೈಯ ಮೊದಲ ಶಿಲುಬೆ. ಅದು ನೆಟ್ಟಗೆ ನಿಂತರೆ ಉಳಿ ಅವನದಾಗುತ್ತದೆ. ಬಿದ್ದರೆ, ಅಪ್ಪನ ಕೈ ಅಪ್ಪನ ಜೊತೆಗೇ ಹೋಯಿತು ಎಂದು ಇಡೀ ಪಟ್ಟಣ ಹೇಳುತ್ತದೆ. ಡ್ವೋರಾಗೆ ಇದೆಲ್ಲ ಗೊತ್ತಿತ್ತು. ಅವನ ಮಾತು ಅಷ್ಟು ಚುಚ್ಚಿದ್ದೂ ಅದಕ್ಕೇ.

ಅವರದು ಹಳೆಯ ಜಗಳ. ಆರ್ಸೇನಿಯ ಅಂಗಡಿಯಲ್ಲಿ ರಷ್ಯನ್ನರ, ಯಹೂದಿಗಳ ಎರಡೂ ಸ್ಮಶಾನಗಳ ಗೋರಿಕಲ್ಲು ಕೆತ್ತುತ್ತಿದ್ದರು. ಹೀಬ್ರೂ ಅಕ್ಷರ ಅವನಿಗೆ ಓದಲು ಬಾರದು, ನೋಡಿ ಕೆತ್ತುವುದು ಮಾತ್ರ ಬರುತ್ತಿತ್ತು. ತಿದ್ದಲು ಡ್ವೋರಾ ಹೋಗುತ್ತಿದ್ದಳು.

"ಈ ಅಕ್ಷರ ಕುಡಿದವನ ಹಾಗೆ ವಾಲಿದೆ."

"ಸತ್ತವರು ದೂರು ಕೊಡಲ್ಲ."

"ನಾನು ಕೊಡ್ತೀನಲ್ಲ."

ಅವನು ನಗುತ್ತಾ ಅಕ್ಷರ ತಿದ್ದುತ್ತಿದ್ದ. ಕಲ್ಲಿನ ಪುಡಿ ಅವನ ರೆಪ್ಪೆಯ ಮೇಲೆ ಕೂತಿರುತ್ತಿತ್ತು. ಅದನ್ನು ಒರೆಸಬೇಕೆಂದು ಅವಳ ಬೆರಳು ಎಷ್ಟೋ ಸಲ ಎದ್ದು, ಏನೂ ಆಗಿಲ್ಲವೆಂಬಂತೆ ಶಾಲು ಸರಿಪಡಿಸಿಕೊಂಡಿತ್ತು.

ಇನ್ನು ಶನಿವಾರ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಸಬ್ಬತ್, ಯಹೂದಿಗಳ ವಿಶ್ರಾಂತಿಯ ದಿನ; ಆಗ ಡ್ವೋರಾಳ ಮನೆಯಲ್ಲಿ ಬೆಂಕಿ ಮುಟ್ಟುವಂತಿಲ್ಲ. ಬೇರೆ ಮನೆಗಳಲ್ಲಿ ಹೇಗೋ, ಇಲ್ಲಿ ಅಜ್ಜಿ ಹೆಸ್ಯಾಳ ಕಟ್ಟು: ಇನ್ನೊಬ್ಬರಿಗೆ ಹಚ್ಚು ಎಂದೂ ಹೇಳಬಾರದು. ಹನ್ನೊಂದು ವರ್ಷದಿಂದ ಆರ್ಸೇನಿ ಪ್ರತಿ ಶನಿವಾರ ಯಾರೂ ಕರೆಯದೆ ಬರುತ್ತಿದ್ದ. ಒಲೆ ಹಚ್ಚುತ್ತಿದ್ದ. ಅಜ್ಜಿ ಒಲೆಯಂಚಿನಲ್ಲಿ ಇಟ್ಟಿರುತ್ತಿದ್ದ ಹೆಣೆದ ರೊಟ್ಟಿಯ ತುಂಡನ್ನು ನಿಂತೇ ತಿಂದು ಹೋಗುತ್ತಿದ್ದ.

ಆ ವರ್ಷ ಹಬ್ಬವೂ ಶನಿವಾರವೇ ಬಿದ್ದಿತ್ತು.

ಶುಕ್ರವಾರ ಬೇಗ ಕತ್ತಲಾಯಿತು. ಅಜ್ಜಿ ಮೇಣದಬತ್ತಿ ಹಚ್ಚಿ ಕಣ್ಣು ಮುಚ್ಚಿ ಪ್ರಾರ್ಥಿಸಿದ್ದಳು. ಜಲ್ಮಾನ್ ದ್ರಾಕ್ಷಾರಸದ ಬಟ್ಟಲು ಕೆಳಗಿಟ್ಟಿದ್ದನಷ್ಟೇ, ಬಾಗಿಲು ಬಡಿದ ಸದ್ದಾಯಿತು. ಹೊಸ್ತಿಲಲ್ಲಿ ಆರ್ಸೇನಿ, ಟೋಪಿ ಕೈಯಲ್ಲಿ. ಅವನು ಡ್ವೋರಾ ಕಡೆ ನೋಡಲಿಲ್ಲ.

"ಶಿಲುಬೆಯ ಅಡ್ಡತೋಳು ಮುರೀತು, ಯಜಮಾನ್ರೇ. ಹಗ್ಗ ಹಾಕಿ ಎತ್ತಿದ್ವಿ, ಆ ನೀಲಿ ಗಡ್ಡೆ ಮಧ್ಯಕ್ಕೆ ಸೀಳಿಹೋಯ್ತು."

ನದಿಯಿಂದ ಹೊಸದಾಗಿ ಕೊಯ್ದು ತರುವಷ್ಟು ಹೊತ್ತಿಲ್ಲ. ಹದವಾದ ಗಡ್ಡೆ ಇರುವುದು ಜಲ್ಮಾನ್‌ನ ಬೀಗ ಹಾಕಿದ ಅಂಗಳದಲ್ಲಿ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಆರ್ಸೇನಿ, ಸಬ್ಬತ್ ಶುರುವಾಯ್ತಪ್ಪ." ಜಲ್ಮಾನ್‌ನ ಧ್ವನಿ ಸಣ್ಣಗಾಗಿತ್ತು. "ಇವತ್ತು ನಾನು ಕೊಡೋ ಹಾಗಿಲ್ಲ, ಮಾರೋ ಹಾಗಿಲ್ಲ. ಬೀಗ ತೆಗಿ ಅಂತ ಹೇಳೋ ಹಾಗೂ ಇಲ್ಲ."

"ಗೊತ್ತು. ನಾನು ಕೇಳೋಕೆ ಬಂದಿಲ್ಲ." ಆರ್ಸೇನಿ ಟೋಪಿಯ ಅಂಚನ್ನು ತಿರುಚಿದ. "ನಾಳೆ ಬೇರೆಯವರು ಹೇಳಿ ಗೊತ್ತಾಗೋದಕ್ಕಿಂತ ನಾನೇ ಹೇಳೋದು ಮರ್ಯಾದೆ ಅನ್ನಿಸ್ತು. ಡ್ವೋರಾ ಹೇಳಿದ್ದೇ ಸರಿ ಇತ್ತು. ನಾನು ಆಡಿದ ಮಾತು ತಪ್ಪು."

ಅವನು ತಿರುಗಿ ಮೆಟ್ಟಿಲಿಳಿಯುತ್ತಿದ್ದ.

"ನಿನ್ನದನ್ನ ಬಿಟ್ಟು ಹೋಗ್ತಿದ್ದೀಯ" ಅಂದಳು ಡ್ವೋರಾ.

"ಏನು?"

"ದಡದ ಹತ್ತಿರ, ನಮ್ಮ ಬೇಲಿಯ ಹೊರಗೆ, ಹುಲ್ಲಿನ ಕೆಳಗೆ ಒಂದು ಗಡ್ಡೆ ಇದೆ. ನಮ್ಮದಲ್ಲ, ನಿನ್ನದು. ಸಬ್ಬತ್ ಶುರುವಾಗೋ ಮುಂಚೆ, ಮಧ್ಯಾಹ್ನವೇ ಲಾವ್ ವಾಂಗ್ ಎದುರಿಗೆ ಕೊಟ್ಟಾಯ್ತು. ಗುರುತಿಗೆ ನಿಮ್ಮಪ್ಪ ತನ್ನ ಗಡ್ಡೆಗೆ ಹಾಕ್ತಿದ್ದ ಮೂರು ಗೆರೆ ಎಳೆದಿದ್ದೀನಿ."

ಅವಳ ಮಾತು ನೆಟ್ಟಗಿತ್ತು. ಮೇಜಿನ ಕೆಳಗೆ ಕೈ ಮಾತ್ರ ಮೇಜುಬಟ್ಟೆಯ ಅಂಚನ್ನು ಮಡಿಸಿ ಮಡಿಸಿ ಬಿಡುತ್ತಿತ್ತು.

ಆರ್ಸೇನಿ ಆ ಸಂಜೆ ಮೊದಲ ಸಲ ಅವಳನ್ನು ನೋಡಿದ. "ಮಧ್ಯಾಹ್ನವೇ? ನಾನು ಒಡೀತೀನಿ ಅಂತ ಅಷ್ಟು ನಂಬಿಕೆನಾ?"

"ಗಡ್ಡೆ ಒಡೆಯುತ್ತೆ ಅಂತ ನಂಬಿಕೆ. ನೀನು ಇನ್ನೊಂದು ಕೆತ್ತುತ್ತೀಯ ಅಂತಾನೂ ನಂಬಿಕೆ. ಹೋಗು, ಟೋಪಿ ಹಾಕ್ಕೋ."

ಅವನು ಓಡಿದ. ಟೋಪಿ ಕೈಯಲ್ಲೇ ಇತ್ತು.

ಜಲ್ಮಾನ್ ಮಗಳ ಕಡೆ ತಿರುಗಿದ. "ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

ಉತ್ತರ ಕೊಟ್ಟವಳು ಅಜ್ಜಿ. "ಪ್ರಸ್ಕೋವ್ಯಾ ಯಾರನ್ನ ಕೇಳಿದ್ದಳೋ?"

ಆ ಕಥೆ ಜಲ್ಮಾನ್‌ಗೂ ಗೊತ್ತಿತ್ತು. ಹಿಂದೆ ಬಿಟ್ಟುಬಂದ ದೇಶದಲ್ಲಿ, ಅಜ್ಜಿ ಹೊಸ ಮದುಮಗಳಾಗಿದ್ದಾಗ, ಈಸ್ಟರ್ ವಾರದಲ್ಲಿ ಗುಂಪೊಂದು ಕೊಡಲಿ ಹಿಡಿದು ಯಹೂದಿಗಳ ಬೀದಿಗೆ ನುಗ್ಗಿತ್ತು. ಪಕ್ಕದ ಮನೆಯ ಪ್ರಸ್ಕೋವ್ಯಾ ಅವಳನ್ನು ಮೂರು ದಿನ ತನ್ನ ರಜಾಯಿಯ ಕೆಳಗೆ ಮಲಗಿಸಿ, ತಾನು ದೇವರಪಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗಂಡನನ್ನೂ ಕೇಳಿರಲಿಲ್ಲ, ಪಾದ್ರಿಯನ್ನೂ ಕೇಳಿರಲಿಲ್ಲ.

"ಆಮೇಲೆ ನನ್ನ ಕೈಲಿ ಅವಳಿಗೆ ಏನೂ ಕೊಡೋಕಾಗಲಿಲ್ಲ" ಎಂದಳು ಅಜ್ಜಿ. "ಸಾರು ಆರಿಹೋಗ್ತಿದೆ, ಊಟ ಮಾಡಿ."

ಡ್ವೋರಾ ಮಲಗುವವರೆಗೂ ನದಿಯ ಕಡೆಯಿಂದ ಉಳಿಯ ಸದ್ದು ಕೇಳುತ್ತಲೇ ಇತ್ತು. ಒಂದೇ ಸಮ, ಎಲ್ಲೂ ಅವಸರವಿಲ್ಲ. ಒಳ್ಳೆಯ ಸದ್ದು ಅಂದುಕೊಂಡಳು.

ಬೆಳಿಗ್ಗೆ ಸಿನಗಾಗಿನ ಪ್ರಾರ್ಥನೆ ಮುಗಿಸಿ ಅಪ್ಪ ಮಗಳು ನದಿಯ ದಡಕ್ಕೆ ನಡೆದು ಬಂದರು. ಕೆಳಗೆ ಸಾವಿರಾರು ಜನ, ಧೂಪದ ಹೊಗೆ, ಹಾಡು. ಅವರೆಲ್ಲರ ತಲೆಗಿಂತ ಎಷ್ಟೋ ಎತ್ತರಕ್ಕೆ ಶಿಲುಬೆ ನಿಂತಿತ್ತು. ಬಿಸಿಲು ಅದರೊಳಗಿಂದ ಹಾದು ಜನರ ಟೋಪಿ, ಗಡ್ಡ, ಶಾಲುಗಳ ಮೇಲೆಲ್ಲ ಚೂರು ಚೂರಾಗಿ ಬಿದ್ದಿತ್ತು. ಅಡ್ಡತೋಳು ಕೂದಲೆಳೆಯಷ್ಟೂ ವಾಲಿರಲಿಲ್ಲ.

ಜಲ್ಮಾನ್ ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದ. ಅದು ಅವನು ಪ್ರಾರ್ಥಿಸುವ ವಸ್ತುವಲ್ಲ. ಆದರೂ ಅವನ ಬೆನ್ನು ನೆಟ್ಟಗಾಗಿತ್ತು.

"ನಮ್ಮ ನೀರು" ಅಂದ.

"ಅವನ ಕೈ" ಅಂದಳು ಡ್ವೋರಾ.

ಅಪ್ಪ ಅವಳ ಮುಖ ನೋಡಿದ. ಅವಳು ಮುಚ್ಚಿಡಲಿಲ್ಲ. ದಾರಿಯುದ್ದಕ್ಕೂ ಅವನು ಒಂದು ಹೆಜ್ಜೆ ಮುಂದೆ ನಡೆದ. ಜಾರುವ ಕಡೆ ಮಾತ್ರ ಅವಳ ತೋಳು ಹಿಡಿದುಕೊಂಡ.

ಮನೆ ತಣ್ಣಗಿತ್ತು. ಅಜ್ಜಿ ಎರಡು ಶಾಲು ಹೊದ್ದು ಕೂತಿದ್ದಳು. ಆರ್ಸೇನಿ ಬಂದಾಗ ಅವನ ರೆಪ್ಪೆಯ ಮೇಲೆ ಹಿಮ ಹೆಪ್ಪುಗಟ್ಟಿತ್ತು.

"ತಡವಾಯ್ತು, ಅಜ್ಜಿ."

"ಪಾದ್ರಿಗಳ ಭಾಷಣ ಉದ್ದ ಇರುತ್ತೆ. ನಮ್ಮ ರಬ್ಬಿಯದೂ ಅಷ್ಟೇ. ಅದರಲ್ಲಿ ಏನೂ ವ್ಯತ್ಯಾಸ ಇಲ್ಲ."

ಅವನು ಒಲೆಯ ಮುಂದೆ ಮಂಡಿಯೂರಿದ. ಚಕ್ಕೆ ಜೋಡಿಸಿ, ಕಡ್ಡಿ ಗೀರಿ, ಊದಿದ. ಡ್ವೋರಾ ಪಕ್ಕದಲ್ಲಿ ನಿಂತಿದ್ದಳು.

"ಗಡ್ಡೆ ಯಾರದು ಅಂತ ಪಾದ್ರಿಗಳು ಕೇಳಿದ್ರು" ಅಂದ ಅವನು ಬೆಂಕಿಗೆ ಹೇಳುವ ಹಾಗೆ. "ಎಲ್ಲರ ಎದುರಿಗೆ ಹೇಳಿದೆ. ಜಲ್ಮಾನ್ ಯಜಮಾನ್ರ ಮಗಳು ಡ್ವೋರಾ ಆರಿಸಿದ್ದು ಅಂತ."

"ಕೂಗಿ ಹೇಳಿದ್ಯಾ?"

"ಹಾಡುಗಾರರೂ ತಿರುಗಿ ನೋಡಿದ್ರು."

ಅವಳ ತುಟಿಯಂಚಿನಲ್ಲಿ ನಗು ಬಂತು. ಅವನು ಎದ್ದು ನಿಂತ.

"ಡ್ವೋರಾ, ನಾನು ಕೊರಳಿನ ಶಿಲುಬೆ ತೆಗೆಯಲ್ಲ."

"ತೆಗಿ ಅಂತ ಯಾರು ಹೇಳಿದ್ರು?"

"ನಿನ್ನ ಶುಕ್ರವಾರದ ದೀಪ ಆರಿಸು ಅಂತ ನಾನೂ ಹೇಳಲ್ಲ."

"ಹೇಳಿ ನೋಡು."

"ನಮ್ಮ ಪಾದ್ರಿ ಒಪ್ಪಲ್ಲ. ನಿಮ್ಮ ರಬ್ಬಿ ಒಪ್ಪಲ್ಲ."

"ಅವರಿಬ್ಬರೂ ಒಂದೇ ಮಾತಾಡೋದು ಅಪರೂಪ. ನಮ್ಮಿಂದ ಅದೊಂದಾಯ್ತು ಬಿಡು."

ಅವನಿಗೆ ನಗು ಬಂತು, ಕಣ್ಣೂ ತುಂಬಿತು. "ಶಾಂಘೈನಲ್ಲಿ ಒಂದು ಕಚೇರಿ ಇದೆಯಂತೆ. ಮದುವೆಗೆ ಬರೀ ಹೆಸರು, ಸಹಿ ಕೇಳ್ತಾರಂತೆ. ನೀನಿಲ್ಲದ ಮನೆ ನನಗೆ ಬೇಡ, ಡ್ವೋರಾ."

ಅವನ ರೆಪ್ಪೆಯ ಹಿಮ ಕರಗಿ ಕೆನ್ನೆಗೆ ಇಳಿಯುತ್ತಿತ್ತು. ಈ ಸಲ ಅವಳ ಬೆರಳು ಶಾಲಿನ ಕಡೆ ಹೋಗಲಿಲ್ಲ. ಮೆಲ್ಲಗೆ ಅದನ್ನು ಒರೆಸಿತು.

"ನನಗೂ ಬೇಡ. ಆದರೆ ನಾನು ಓಡಿಹೋಗೋಳಲ್ಲ. ಹೋದರೆ ಹಾಡಹಗಲು, ಈ ಬಾಗಿಲಿಂದ, ಇವರಿಬ್ಬರೂ ನೋಡ್ತಿರುವಾಗ, ತಲೆ ಎತ್ತಿಕೊಂಡು ಹೋಗ್ತೀನಿ. ಬರುವಾಗಲೂ ಹಾಗೇ ಬರ್ತೀನಿ."

"ನನ್ನ ಕಿವಿ ಇನ್ನೂ ಚುರುಕಾಗಿದೆ" ಅಂದಳು ಅಜ್ಜಿ ಹಿಂದಿನಿಂದ.

ಇಬ್ಬರೂ ಬೆಚ್ಚಿ ತಿರುಗಿದರು. ಜಲ್ಮಾನ್ ಪುಸ್ತಕ ತೆರೆದು ಕೂತಿದ್ದ. ಪುಟ ತಿರುಗಿಸುವುದನ್ನು ಅವನು ಯಾವಾಗಲೋ ನಿಲ್ಲಿಸಿದ್ದ.

"ಹೂಂ ಅಂತ ನಾನು ಹೇಳಲ್ಲ" ಅಜ್ಜಿ ಶಾಲು ಬಿಗಿದುಕೊಂಡಳು. "ನನ್ನ ಹಿರಿಯರ ಮುಖ ಕಣ್ಮುಂದೆ ಬರುತ್ತೆ. ಊಹೂಂ ಅನ್ನೋಣ ಅಂದ್ರೆ ಪ್ರಸ್ಕೋವ್ಯಾ ಬಾಗಿಲಲ್ಲೇ ನಿಂತಿದ್ದಾಳೆ."

ಅವಳು ರೊಟ್ಟಿಯ ತಟ್ಟೆ ಕೈಗೆತ್ತಿಕೊಂಡಳು. ಒಲೆಯಂಚಿನಲ್ಲಿ ಇಡಲಿಲ್ಲ. ಮೇಜಿನ ಮೇಲೆ, ಡ್ವೋರಾ ಕೂರುವ ಜಾಗದ ಪಕ್ಕದಲ್ಲಿ ಇಟ್ಟಳು. ಆಮೇಲೆ ಒಂದು ಕುರ್ಚಿ ಎಳೆಯಲು ಹೋದಳು. ಜಲ್ಮಾನ್ ಎದ್ದು ಬಂದು ಆ ಕುರ್ಚಿಯನ್ನು ಅಮ್ಮನ ಬದಲು ತಾನೇ ಎಳೆದ.

"ಹನ್ನೊಂದು ವರ್ಷ ನಿಂತೇ ತಿಂದಿದ್ದೀಯ, ಕತ್ತೆ ಹಾಗೆ" ಅಂದಳು ಅಜ್ಜಿ. "ಕೂತ್ಕೊಂಡು ತಿನ್ನು."

ಆರ್ಸೇನಿ ಕೂತ. ಡ್ವೋರಾ ಉಪ್ಪಿನ ಬಟ್ಟಲನ್ನು ಅವನ ಕಡೆ ಸರಿಸಿದಳು.