ಅವಿಶ್ವಾಸಿಯ ಸಂಗ

"ಕ್ಷಮೆ ಕೇಳ್ತೀಯಾ? ನನ್ನನ್ನ ಪ್ರೀತಿಸಿದ್ದಕ್ಕೆ?"

ಕೆಲಸ ಬಿಟ್ಟು ಓಡಿಬಂದ ಬಡಗಿ ಕೆಂಡವಾಗಿದ್ದ. ಚರ್ಚಿನ ಪಕ್ಕದ ಕೋಣೆಯಲ್ಲಿ ಪಾದ್ರಿಯ ಮಗಳು ಜಡೆ ಸರಿಮಾಡಿಕೊಳ್ಳುತ್ತಿದ್ದಳು. ಕನ್ನಡಿಯಲ್ಲೇ ಅವನನ್ನು ನೋಡಿ, ತಿರುಗಿ, ಅವನ ಕೂದಲಿಗಂಟಿದ ಮರದ ಹೊಟ್ಟು ತೆಗೆದಳು.

"ಮೆಲ್ಲಗೆ ಮಾತಾಡೋ. ಅಪ್ಪನಿಗೆ ಕೇಳಿಸುತ್ತೆ."

"ಕೇಳಿಸ್ಲಿ!"

ಆ ಸಭೆಯ ಕಟ್ಟಳೆ ಹಾಗಿತ್ತು. ತಪ್ಪಿದವರು ಆರಾಧನೆಯ ನಡುವೆ ಎದ್ದುನಿಂತು, ತಪ್ಪನ್ನು ಬಾಯಿಬಿಟ್ಟು ಹೇಳಿ ಕ್ಷಮೆ ಬೇಡಬೇಕು. ಇಲ್ಲವಾದರೆ ಪ್ರಭುಭೋಜನದ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ, ಅವಳಿಗೆ ಜೀವವಾಗಿದ್ದ ಹಾಡೂ ಇಲ್ಲ. ಅವಳ ತಪ್ಪು ಅವಿಶ್ವಾಸಿಯ ಸಂಗ. ಅವಿಶ್ವಾಸಿ ಇವನೇ. ಗಂಡನ ಏಟು ತಾಳದೆ ಮನೆ ಬಿಟ್ಟ ತನ್ನ ಅಮ್ಮನನ್ನು ಇದೇ ಸಭೆ ಎಬ್ಬಿಸಿ ನಿಲ್ಲಿಸಿದ ದಿನ ಇವನು ದೇವರಿಗೆ ಬೆನ್ನು ಹಾಕಿದ್ದ. ಹೊಡೆದ ಅಪ್ಪ ಅವತ್ತೂ ಕಾಣಿಕೆ ತಟ್ಟೆ ಹಿಡಿದು ಗತ್ತಿನಿಂದ ಓಡಾಡಿದ್ದ.

"ಹೊಡೆದೋನು ಸಭೆಯ ಹಿರಿಯ, ಏಟು ತಿಂದೋಳು ಪಾಪಿ! ಇಂಥೋರ ಮುಂದೆ ತಲೆ ತಗ್ಗಿಸ್ತೀಯಾ? ನಡಿ, ಈಗಲೇ ಹೋಗೋಣ. ಈ ಕಡೆ ತಿರುಗಿಯೂ ನೋಡಬೇಡ."

ಅವಳು ಓರೆಗಣ್ಣಿನಲ್ಲಿ ಅವನನ್ನು ಅಳೆದಳು. "ಅಬ್ಬಾ, ಪ್ರಸಂಗ ಮಾಡೋದ್ರಲ್ಲಿ ನಮ್ಮಪ್ಪನನ್ನೂ ಮೀರಿಸಿದೆ. ನಂಬದೋರನ್ನ ಕಂಡ್ರೆ ಅವರಿಗಾಗಲ್ಲ, ನಂಬೋರನ್ನ ಕಂಡ್ರೆ ನಿನಗಾಗಲ್ಲ. ನಾನು ನಂಬ್ತೀನಿ ಕಣೋ. ನಾನೆಲ್ಲಿಗೆ ಹೋಗ್ಲಿ?"

ಆರಾಧನೆಯ ಗಂಟೆ ಹೊಡೆಯಿತು. ಅವಳು ಚರ್ಚಿನೊಳಗೆ ನಡೆದಳು.

ಅವನು ಹಲ್ಲು ಕಚ್ಚಿ ಬಾಗಿಲಲ್ಲೇ ನಿಂತ. ಒಳಗೆ ಅವಳು ಎದ್ದಳು.

"ನಾನು ತಪ್ಪು ಮಾಡಿದ್ದೀನಿ."

ಮುಗಿಯಿತು, ತನ್ನನ್ನು ಬಿಟ್ಟುಕೊಟ್ಟಳು ಎಂದುಕೊಂಡ ಅವನು.

"ಬಡಗಿಯ ಅಮ್ಮನನ್ನ ಇಲ್ಲಿ ನಿಲ್ಲಿಸಿದ್ರಲ್ಲ, ಅವತ್ತು ಅವರ ಅಳು ಯಾರಿಗೂ ಕೇಳಿಸಬಾರದು ಅಂತ ನಾನು ಗಂಟಲು ಹರಿಯೋ ಹಾಗೆ ಹಾಡಿದೆ. ಅದು ಪಾಪ. ಅವರ ಮಗನನ್ನ ಪ್ರೀತಿಸಿದ್ದು ಪಾಪ ಅಲ್ಲ. ಅದಕ್ಕೆ ಕ್ಷಮೆ ಕೇಳಲ್ಲ."

"ಕೂತ್ಕೋ!" ಪಾದ್ರಿ ಗುಡುಗಿದರು. "ಇನ್ಮೇಲೆ ನಿನಗೆ ಹಾಡಿಲ್ಲ!"

"ಬೇಡ ಬಿಡಿ ಅಪ್ಪಾ. ಪ್ರಾರ್ಥನೆಗಂತೂ ಬಂದೇ ಬರ್ತೀನಿ."

ಅವಳು ಹೊರಬಂದಾಗ ಕೆನ್ನೆ ಉರಿಯುತ್ತಿತ್ತು. ಅವನು ಅವಳ ಕೈ ಹಿಡಿದ. ಸಭೆಯೆಲ್ಲ ಕತ್ತು ಚಾಚಿತ್ತು.

"ನಾನು ಮಾತ್ರ ಒಳಗೆ ಕಾಲಿಡಲ್ಲ," ಎಂದ ಅವನು.

"ಕರೆದೋರ್ಯಾರು? ನಿಮ್ಮಮ್ಮನ ಹತ್ರ ಕರ್ಕೊಂಡು ಹೋಗು. ಇವರ ಮುಂದೆ ಹೇಳಿದ್ರೆ ಆಗೋಯ್ತಾ? ಅವರಿಗೆ ಹೇಳಬೇಡ್ವಾ?"

"ಅಮ್ಮ ಬಾಗಿಲು ತೆಗೆಯಲ್ಲ. ಪಾದ್ರಿ ಮಗಳು ಅಂದ್ರೆ ಮುಖಕ್ಕೇ ಬಾಗಿಲು ಹಾಕ್ತಾಳೆ."

"ಹಾಕ್ಲಿ. ಅವರಿಗೆ ಆ ಹಕ್ಕಿದೆ," ಎಂದಳು ಅವಳು, ಅವನಿಗಿಂತ ಮೊದಲೇ ಮೆಟ್ಟಿಲಿಳಿಯುತ್ತಾ.